ಗ್ಯಾಸ್ಟ್ರಿನ್: ಜೀರ್ಣಕ್ಕೆ ಬೇಕು, ಮಿತಿಮೀರಿದರೆ ಆತಂಕ

‘ಗ್ಯಾಸ್ಟ್ರಿಕ್ ಆಗಿದೆ’ ಎಂಬುದು ನಮ್ಮ ನಗರಗಳಲ್ಲಿ ನಿತ್ಯವೂ ಕೇಳಿಬರುವ ಮಾತು. ಇಂಗ್ಲಿಷಿನಲ್ಲಿ ‘ಜಠರಕ್ಕೆ ಸಂಬಂಧಿಸಿದ’ ಎಂಬಷ್ಟೇ ಅರ್ಥ ಕೊಡುವ ಈ ಪದ ಕನ್ನಡದಲ್ಲಿ ಒಂದು ಕಾಯಿಲೆಯ ಹೆಸರೇ ಆಗಿಬಿಟ್ಟಿದೆ. ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಊಟ ಸೇರದಿರುವುದು ಇವೆಲ್ಲಕ್ಕೂ ಅದೊಂದೇ ಹೆಸರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಮಾತ್ರೆಯೇ ಎಲ್ಲಕ್ಕೂ ಮದ್ದು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರೇಬಿಪ್ರಜೋಲ್ ಮುಂತಾದ ಈ ಮಾತ್ರೆಗಳನ್ನು ಹತ್ತಾರು ವರ್ಷಗಳಿಂದ ಬಿಡದೆ ನುಂಗುತ್ತಿರುವವರು ಪ್ರತಿ ಬಡಾವಣೆಯಲ್ಲೂ ಸಿಗುತ್ತಾರೆ.

ಈ ಮಾತ್ರೆಗಳು ಜಠರದ ಆಮ್ಲವನ್ನು ತಗ್ಗಿಸುತ್ತವೆ ಎಂಬುದು ಬಹುತೇಕರಿಗೆ ಗೊತ್ತು. ಆಮ್ಲ ತಗ್ಗಿದಾಗ ರಕ್ತದಲ್ಲಿ ಗ್ಯಾಸ್ಟ್ರಿನ್ ಎಂಬ ಹಾರ್ಮೋನಿನ ಪ್ರಮಾಣ ಏರುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಗ್ಯಾಸ್ಟ್ರಿನ್ ಆಮ್ಲವನ್ನು ಸ್ರವಿಸುವಂತೆ ಆಜ್ಞಾಪಿಸುವುದಷ್ಟೇ ಅಲ್ಲ, ಜಠರದ ಒಳಪದರದ ಜೀವಕೋಶಗಳು ಬೆಳೆಯುವಂತೆಯೂ ಪ್ರಚೋದಿಸುತ್ತದೆ. ಕ್ಯಾನ್ಸರ್ ಎಂದರೆ ಜೀವಕೋಶಗಳು ಕಡಿವಾಣವಿಲ್ಲದೆ ಬೆಳೆಯುವುದು. ಹಾಗಾದರೆ ಜೀರ್ಣಾಂಗದ ಹಾರ್ಮೋನುಗಳಿಗೂ ಜೀರ್ಣಾಂಗದ ಕ್ಯಾನ್ಸರ್‌ಗೂ ನಂಟಿದೆಯೇ? ವೈದ್ಯವಿಜ್ಞಾನ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಕೇಳುತ್ತಿರುವ ಪ್ರಶ್ನೆಯಿದು. ಇದಕ್ಕೆ ದೊರೆತಿರುವ ಉತ್ತರಗಳಲ್ಲಿ ಕೆಲವು ಖಚಿತ, ಕೆಲವು ಇನ್ನೂ ಚರ್ಚೆಯಲ್ಲಿವೆ. ಎರಡನ್ನೂ ಬೇರ್ಪಡಿಸಿ ತಿಳಿಯುವುದು ಅಗತ್ಯ.

ಹಾರ್ಮೋನು ಹುಟ್ಟಿದ್ದೇ ಹೊಟ್ಟೆಯಲ್ಲಿ

ಹಾರ್ಮೋನು ಎಂದೊಡನೆ ಥೈರಾಯ್ಡ್, ಇನ್ಸುಲಿನ್ ನೆನಪಾಗುವುದು ಸಹಜ. ಆದರೆ ಈ ಪರಿಕಲ್ಪನೆ ಮೊದಲು ಸಾಬೀತಾದದ್ದು ಕರುಳಿನಲ್ಲಿ. 1902ರ ಜನವರಿಯಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ನಾಯಿಯೊಂದರ ಸಣ್ಣ ಕರುಳಿನ ಭಾಗಕ್ಕೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಆ ಭಾಗಕ್ಕೆ ಆಮ್ಲ ಸುರಿದರು. ನರಸಂಪರ್ಕವೇ ಇಲ್ಲದಿದ್ದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಕರುಳಿನ ಒಳಪದರವನ್ನು ಕೆರೆದು ಆಮ್ಲದಲ್ಲಿ ಅರೆದು, ಸೋಸಿದ ದ್ರವವನ್ನು ರಕ್ತನಾಳಕ್ಕೆ ಚುಚ್ಚಿದಾಗಲೂ ಅದೇ ಪರಿಣಾಮ ಕಂಡುಬಂದಿತು. ಸಂದೇಶ ಸಾಗಿದ್ದು ನರದ ಮೂಲಕವಲ್ಲ, ರಕ್ತದ ಮೂಲಕ ಎಂಬುದು ಸ್ಪಷ್ಟವಾಯಿತು. ಆ ವಸ್ತುವಿಗೆ ‘ಸೆಕ್ರೆಟಿನ್’ ಎಂದು ಹೆಸರಿಟ್ಟರು. 1905ರಲ್ಲಿ ಸ್ಟಾರ್ಲಿಂಗ್ ಇಂಥ ರಾಸಾಯನಿಕ ದೂತರೆಲ್ಲರಿಗೂ ಅನ್ವಯಿಸುವಂತೆ ‘ಹಾರ್ಮೋನು’ ಎಂಬ ಪದವನ್ನು ಬಳಸಿದರು.

ಅದೇ 1905ರಲ್ಲಿ ಜಾನ್ ಎಡ್ಕಿನ್ಸ್ ಎಂಬ ಮತ್ತೊಬ್ಬ ಬ್ರಿಟಿಷ್ ವಿಜ್ಞಾನಿ ಜಠರದ ಕೆಳಭಾಗದಲ್ಲೂ ಇಂಥ ಒಂದು ದೂತವಿದೆ, ಅದೇ ಆಮ್ಲಸ್ರಾವಕ್ಕೆ ಕಾರಣ ಎಂದು ಪ್ರತಿಪಾದಿಸಿ ಅದನ್ನು ಗ್ಯಾಸ್ಟ್ರಿನ್ ಎಂದು ಕರೆದರು. ಅದನ್ನು ನಂಬಿದವರು ಕಡಿಮೆ. ಜಠರದಿಂದ ತೆಗೆದ ಸಾರದಲ್ಲಿ ಹಿಸ್ಟಮಿನ್ ಕೂಡ ಇರುವುದೂ, ಅದೂ ಆಮ್ಲಸ್ರಾವವನ್ನು ಹೆಚ್ಚಿಸುವುದೂ ತಿಳಿದ ಮೇಲಂತೂ ಎಡ್ಕಿನ್ಸ್ ಕಂಡದ್ದು ಹಿಸ್ಟಮಿನ್ನನ್ನೇ ಎಂಬ ವಾದ ಬಲವಾಯಿತು. 1940ರಲ್ಲಿ ಅವರು ತೀರಿಕೊಂಡಾಗಲೂ ಈ ವಿವಾದ ಮುಗಿದಿರಲಿಲ್ಲ. 1964ರಲ್ಲಿ ಲಿವರ್‌ಪೂಲ್‌ನ ರೋಡರಿಕ್ ಗ್ರೆಗರಿ ಮತ್ತು ಹಿಲ್ಡಾ ಟ್ರೇಸಿ ಹಂದಿಯ ಜಠರದಿಂದ ಗ್ಯಾಸ್ಟ್ರಿನ್ನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ ಮೇಲೆ ಎಡ್ಕಿನ್ಸ್ ಮಾತು ನಿಜವೆಂದು ಜಗತ್ತು ಒಪ್ಪಿತು.

ವೇಗವರ್ಧಕ ಮತ್ತು ಬ್ರೇಕು

ಗ್ಯಾಸ್ಟ್ರಿನ್ ಕೆಲಸ ಮಾಡುವ ಬಗೆ ಹೀಗಿದೆ. ಆಹಾರ, ವಿಶೇಷವಾಗಿ ಪ್ರೋಟೀನು, ಜಠರಕ್ಕೆ ಬಂದಾಗ ಅದರ ಕೆಳಭಾಗದ ‘ಜಿ’ ಕೋಶಗಳು ಗ್ಯಾಸ್ಟ್ರಿನ್ನನ್ನು ರಕ್ತಕ್ಕೆ ಬಿಡುತ್ತವೆ. ರಕ್ತದೊಡನೆ ಒಂದು ಸುತ್ತು ತಿರುಗಿ ಅದು ಜಠರದ ಮೇಲ್ಭಾಗಕ್ಕೆ ಬಂದು ಅಲ್ಲಿನ ಇಸಿಎಲ್ ಎಂಬ ಕೋಶಗಳ ಗ್ರಾಹಕಗಳ ಮೇಲೆ ಕೂರುತ್ತದೆ. ಆ ಕೋಶಗಳು ಹಿಸ್ಟಮಿನ್ ಹೊರಚೆಲ್ಲುತ್ತವೆ. ಪಕ್ಕದ ಆಮ್ಲಕೋಶಗಳು ಹಿಸ್ಟಮಿನ್ನಿನ ಕರೆಗೆ ಓಗೊಟ್ಟು ಹೈಡ್ರೋಕ್ಲೋರಿಕ್ ಆಮ್ಲವನ್ನು ಸುರಿಸುತ್ತವೆ. ಅಂದರೆ ಎಡ್ಕಿನ್ಸರ ವಿರೋಧಿಗಳು ಹೇಳಿದ ಹಿಸ್ಟಮಿನ್ ಕೂಡ ಈ ಸರಪಳಿಯ ಒಂದು ಕೊಂಡಿಯೇ ಆಗಿತ್ತು.

ಆಮ್ಲ ಸಾಕಷ್ಟಾದ ಮೇಲೆ ಈ ಕ್ರಿಯೆ ನಿಲ್ಲಬೇಕು. ಅದಕ್ಕಾಗಿ ಜಠರದಲ್ಲಿ ‘ಡಿ’ ಕೋಶಗಳಿವೆ. ಆಮ್ಲದ ತೀವ್ರತೆ ಹೆಚ್ಚಿದೊಡನೆ ಅವು ಸೊಮ್ಯಾಟೋಸ್ಟ್ಯಾಟಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡಿ ಗ್ಯಾಸ್ಟ್ರಿನ್ನಿನ ಬಾಯಿ ಮುಚ್ಚಿಸುತ್ತವೆ. ಗ್ಯಾಸ್ಟ್ರಿನ್ ವೇಗವರ್ಧಕವಾದರೆ ಸೊಮ್ಯಾಟೋಸ್ಟ್ಯಾಟಿನ್ ಬ್ರೇಕು. ಆ ಬ್ರೇಕನ್ನು ಒತ್ತುವುದು ಆಮ್ಲ. ಆಮ್ಲವೇ ಇಲ್ಲವಾದರೆ ಬ್ರೇಕು ಬೀಳುವುದಿಲ್ಲ, ಗ್ಯಾಸ್ಟ್ರಿನ್ ಏರುತ್ತಲೇ ಹೋಗುತ್ತದೆ. ಮುಂದಿನದೆಲ್ಲವೂ ಅರ್ಥವಾಗುವುದು ಈ ಒಂದು ಅಂಶದಿಂದ.

ಹಾರ್ಮೋನೇ ಗೆಡ್ಡೆಗೆ ಕಾರಣವಾದಾಗ

ಗ್ಯಾಸ್ಟ್ರಿನ್ ಅತಿಯಾದರೆ ಗೆಡ್ಡೆ ಬೆಳೆಯಬಹುದು ಎಂಬುದಕ್ಕೆ ಮನುಷ್ಯರಲ್ಲೇ ಸ್ಪಷ್ಟ ನಿದರ್ಶನವಿದೆ. ದೇಹದ ರೋಗನಿರೋಧಕ ವ್ಯವಸ್ಥೆ ದಾರಿತಪ್ಪಿ ತನ್ನದೇ ಆಮ್ಲಕೋಶಗಳನ್ನು ನಾಶಮಾಡುವ ಕಾಯಿಲೆಯೊಂದಿದೆ. ಆಮ್ಲಕೋಶಗಳು ಅಳಿದರೆ ಬಿ-12 ಜೀವಸತ್ವವನ್ನು ಹೀರಿಕೊಳ್ಳಲು ಬೇಕಾದ ಅಂಶವೂ ಇಲ್ಲವಾಗಿ ಒಂದು ಬಗೆಯ ತೀವ್ರ ರಕ್ತಹೀನತೆ ಕಾಣಿಸಿಕೊಳ್ಳುತ್ತದೆ. ಇಂಥವರಲ್ಲಿ ಆಮ್ಲವಿಲ್ಲದ ಕಾರಣ ಗ್ಯಾಸ್ಟ್ರಿನ್ ಮಿತಿಮೀರಿ ಏರುತ್ತದೆ. ವರ್ಷಗಟ್ಟಲೆ ಅದರ ಪ್ರಚೋದನೆಗೆ ಸಿಕ್ಕ ಇಸಿಎಲ್ ಕೋಶಗಳು ದಟ್ಟವಾಗಿ ಬೆಳೆದು, ಕೆಲವರಲ್ಲಿ ಸಣ್ಣ ಸಣ್ಣ ಗೆಡ್ಡೆಗಳಾಗುತ್ತವೆ. ಇವು ನರ-ಅಂತಃಸ್ರಾವಕ ಗೆಡ್ಡೆಗಳ ವರ್ಗಕ್ಕೆ ಸೇರಿದವು. ಇವುಗಳಲ್ಲಿ ಬಹುಪಾಲು ನಿಧಾನಗತಿಯವು. ಬೇರೆ ಅಂಗಗಳಿಗೆ ಹರಡುವುದು ಅಪರೂಪ.

ಈ ಗೆಡ್ಡೆಗಳು ಗ್ಯಾಸ್ಟ್ರಿನ್ನನ್ನೇ ಅವಲಂಬಿಸಿವೆ ಎಂಬುದಕ್ಕೆ ಪುರಾವೆಯೂ ಇದೆ. ಗ್ಯಾಸ್ಟ್ರಿನ್ ತಯಾರಾಗುವ ಜಠರದ ಕೆಳಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದಾಗ ಮೇಲ್ಭಾಗದ ಗೆಡ್ಡೆಗಳು ಕುಗ್ಗಿದ್ದನ್ನು ವೈದ್ಯರು ಕಂಡಿದ್ದಾರೆ. ಗ್ಯಾಸ್ಟ್ರಿನ್ನಿನ ಗ್ರಾಹಕವನ್ನು ಮುಚ್ಚುವ ನೆಟಾಜೆಪೈಡ್ ಎಂಬ ಪ್ರಾಯೋಗಿಕ ಔಷಧವೂ ಕೆಲವೇ ರೋಗಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಗೆಡ್ಡೆಗಳ ಸಂಖ್ಯೆ ಮತ್ತು ಗಾತ್ರವನ್ನು ತಗ್ಗಿಸಿದೆ. ಇದಕ್ಕೆ ವ್ಯತಿರಿಕ್ತವಾಗಿ, ಗ್ಯಾಸ್ಟ್ರಿನ್ ಸಹಜಮಟ್ಟದಲ್ಲಿದ್ದೂ ಒಂಟಿಯಾಗಿ ಬೆಳೆಯುವ ಇನ್ನೊಂದು ಬಗೆಯ ಗೆಡ್ಡೆಯುಂಟು. ಹೆಚ್ಚು ಅಪಾಯಕಾರಿ ಅದೇ. ಆದ್ದರಿಂದ ಜಠರದಲ್ಲಿ ಇಂಥ ಗೆಡ್ಡೆ ಕಂಡಾಗ ರಕ್ತದ ಗ್ಯಾಸ್ಟ್ರಿನ್ ಪ್ರಮಾಣವನ್ನು ಅಳೆಯುವುದು ಚಿಕಿತ್ಸೆಯ ದಾರಿಯನ್ನೇ ನಿರ್ಧರಿಸುತ್ತದೆ.

ಗೆಡ್ಡೆಯೇ ಹಾರ್ಮೋನು ಸುರಿಸಿದಾಗ

ಇದರ ತಿರುವುಮುರುವು ಸ್ಥಿತಿಯೂ ಇದೆ. 1955ರಲ್ಲಿ ಅಮೆರಿಕದ ಓಹಿಯೊ ರಾಜ್ಯದ ಶಸ್ತ್ರವೈದ್ಯರಾದ ರಾಬರ್ಟ್ ಝೊಲಿಂಜರ್ ಮತ್ತು ಎಡ್ವಿನ್ ಎಲಿಸನ್ ಇಬ್ಬರು ರೋಗಿಗಳ ಬಗ್ಗೆ ವರದಿ ಮಾಡಿದರು. ಇಬ್ಬರಿಗೂ ಅತಿಯಾದ ಆಮ್ಲ, ಎಷ್ಟು ಶಸ್ತ್ರಚಿಕಿತ್ಸೆ ಮಾಡಿದರೂ ಮರುಕಳಿಸುವ ಹುಣ್ಣು. ಜೊತೆಗೆ ಇಬ್ಬರ ಮೇದೋಜೀರಕ ಗ್ರಂಥಿಯಲ್ಲೂ ಗೆಡ್ಡೆ. ಆ ಗೆಡ್ಡೆ ಯಾವುದೋ ಹಾರ್ಮೋನನ್ನು ಸುರಿಸುತ್ತಿರಬೇಕೆಂಬ ಅವರ ಊಹೆ ಸರಿಯಾಗಿತ್ತು. ಮುಂದೆ ಅಂಥ ಗೆಡ್ಡೆಗಳಲ್ಲಿ ಗ್ಯಾಸ್ಟ್ರಿನ್ ಪತ್ತೆಯಾಯಿತು. ಗ್ಯಾಸ್ಟ್ರಿನೋಮ ಎಂದು ಕರೆಯಲಾಗುವ ಈ ಗೆಡ್ಡೆ ಸಣ್ಣ ಕರುಳಿನ ಮೊದಲ ಭಾಗದಲ್ಲೂ ಬೆಳೆಯುತ್ತದೆ. ಯಕೃತ್ತಿಗೆ ಹರಡುವ ಸ್ವಭಾವವೂ ಇದಕ್ಕುಂಟು.

ಹಿಂದೆ ಇಂಥ ರೋಗಿಗಳ ಪ್ರಾಣ ಉಳಿಸಲು ಇಡೀ ಜಠರವನ್ನೇ ತೆಗೆಯಬೇಕಾಗುತ್ತಿತ್ತು. ಆ ಪಾಡನ್ನು ತಪ್ಪಿಸಿದ್ದು 1980ರ ದಶಕದ ಕೊನೆಯಲ್ಲಿ ಬಂದ ಒಮೆಪ್ರಜೋಲ್. ಇಂದು ನಾವು ಹಗುರವಾಗಿ ನುಂಗುವ ಮಾತ್ರೆಯ ಮಹತ್ವವನ್ನು ಅಲ್ಲಗಳೆಯುವಂತಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಆ ಮಾತ್ರೆಯಿಂದ ಕ್ಯಾನ್ಸರ್ ಬರುವುದೇ?

ಒಮೆಪ್ರಜೋಲ್ ಇನ್ನೂ ಪ್ರಯೋಗದ ಹಂತದಲ್ಲಿದ್ದಾಗಲೇ ಆತಂಕವೊಂದು ಎದ್ದಿತ್ತು. ಹೆಚ್ಚಿನ ಪ್ರಮಾಣದಲ್ಲಿ ಅದನ್ನು ಜೀವನಪರ್ಯಂತ ಕೊಟ್ಟ ಇಲಿಗಳ ಜಠರದಲ್ಲಿ ಇಸಿಎಲ್ ಕೋಶಗಳ ಗೆಡ್ಡೆಗಳು ಕಂಡವು. ಕಾರಣ, ಮೇಲೆ ವಿವರಿಸಿದ ಅದೇ ಸರಪಳಿ: ಆಮ್ಲವಿಲ್ಲ, ಬ್ರೇಕಿಲ್ಲ, ಗ್ಯಾಸ್ಟ್ರಿನ್ ಏರಿಕೆ. ಆದರೆ ಇಲಿಯ ಇಸಿಎಲ್ ಕೋಶಗಳು ಮನುಷ್ಯನ ಕೋಶಗಳಿಗಿಂತ ಹೆಚ್ಚು ಸೂಕ್ಷ್ಮ. ಮಾತ್ರೆ ಸೇವಿಸುವ ಮನುಷ್ಯರಲ್ಲಿ ಗ್ಯಾಸ್ಟ್ರಿನ್ ಏರಿಕೆ ಸಾಮಾನ್ಯವಾಗಿ ಸಾಧಾರಣ ಮಟ್ಟದ್ದು. ಬಳಕೆಗೆ ಬಂದು ಮೂರು ದಶಕಗಳು ಕಳೆದರೂ ಇಲಿಗಳಲ್ಲಿ ಕಂಡಂಥ ಗೆಡ್ಡೆ ಮನುಷ್ಯರಲ್ಲಿ ವ್ಯಾಪಕವಾಗಿ ಕಾಣಿಸಿಕೊಂಡಿಲ್ಲ.

ಜಠರದ ಸಾಮಾನ್ಯ ಕ್ಯಾನ್ಸರ್‌ನ ವಿಷಯ ಇದಕ್ಕಿಂತ ಜಟಿಲ. ಅದರ ಮುಖ್ಯ ಕಾರಣ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯ. ಇದನ್ನು ಪತ್ತೆಹಚ್ಚಿ ಜಠರದ ಉರಿಯೂತ ಮತ್ತು ಹುಣ್ಣಿನಲ್ಲಿ ಇದರ ಪಾತ್ರವನ್ನು ತೋರಿಸಿಕೊಟ್ಟ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲೇ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಸೇರಿಸಿತ್ತು. ಈ ಬ್ಯಾಕ್ಟೀರಿಯ ಜಠರದ ಕೆಳಭಾಗದಲ್ಲಿ ಮಾತ್ರ ನೆಲೆಸಿದರೆ ಗ್ಯಾಸ್ಟ್ರಿನ್ ಏರಿ, ಆಮ್ಲ ಹೆಚ್ಚಿ, ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹುಣ್ಣಾಗುತ್ತದೆ. ಇಂಥವರಲ್ಲಿ ಜಠರದ ಕ್ಯಾನ್ಸರ್ ಸಾಧ್ಯತೆ ಕಡಿಮೆ. ಉರಿಯೂತ ಮೇಲ್ಭಾಗಕ್ಕೂ ಹಬ್ಬಿದರೆ ಆಮ್ಲಕೋಶಗಳು ಕ್ಷೀಣಿಸುತ್ತವೆ, ಆಮ್ಲ ಇಳಿದು ಗ್ಯಾಸ್ಟ್ರಿನ್ ಏರುತ್ತದೆ, ಒಳಪದರ ಹಂತಹಂತವಾಗಿ ಬದಲಾಗುತ್ತ ಕ್ಯಾನ್ಸರ್‌ನತ್ತ ಸಾಗಬಹುದು. ಗ್ಯಾಸ್ಟ್ರಿನ್ ಹೆಚ್ಚಾಗಿರುವಂತೆ ವಂಶವಾಹಿ ಮಾರ್ಪಡಿಸಿದ ಇಲಿಮರಿಗಳಿಗೆ ಇದೇ ಕುಲದ ಬ್ಯಾಕ್ಟೀರಿಯ ಸೋಂಕು ತಗಲಿಸಿದಾಗ ಜಠರದ ಕ್ಯಾನ್ಸರ್ ಬೇಗನೆ ಬೆಳೆದಿದೆ. ಎಂದರೆ ಗ್ಯಾಸ್ಟ್ರಿನ್ ಒಂಟಿ ಅಪರಾಧಿಯಲ್ಲ. ಸೋಂಕು, ಉರಿಯೂತದ ಜೊತೆಗೂಡಿದಾಗ ಸಹಾಯಕನಾಗಿ ವರ್ತಿಸುವ ಸಾಧ್ಯತೆ ಇದೆ.

2018ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್‌ನ ಅಧ್ಯಯನವೊಂದು ಈ ಚರ್ಚೆಯನ್ನು ಮತ್ತೆ ಕೆದಕಿತು. ಬ್ಯಾಕ್ಟೀರಿಯ ನಿವಾರಣೆಯ ಚಿಕಿತ್ಸೆ ಪಡೆದಿದ್ದ 63,397 ಮಂದಿಯ ದಾಖಲೆಗಳನ್ನು ಪರಿಶೀಲಿಸಿದಾಗ, ಆಮ್ಲನಿರೋಧಕ ಮಾತ್ರೆಗಳನ್ನು ಮುಂದುವರಿಸಿದವರಲ್ಲಿ ಜಠರದ ಕ್ಯಾನ್ಸರ್ ಸುಮಾರು 2.4 ಪಟ್ಟು ಹೆಚ್ಚಾಗಿ ಕಂಡಿತು. ಅಂಕಿ ಭಯ ಹುಟ್ಟಿಸುವಂತಿದ್ದರೂ, 10,000 ಮಂದಿಯನ್ನು ಒಂದು ವರ್ಷ ಗಮನಿಸಿದರೆ ಹೆಚ್ಚುವರಿ ಪ್ರಕರಣಗಳು ಸುಮಾರು ನಾಲ್ಕು ಮಾತ್ರ. ಅಲ್ಲದೆ ಇದು ದಾಖಲೆಗಳನ್ನು ಆಧರಿಸಿದ ಅವಲೋಕನ. ಕ್ಯಾನ್ಸರ್‌ನ ಆರಂಭಿಕ ತೊಂದರೆಗಾಗಿಯೇ ಕೆಲವರು ಮಾತ್ರೆ ಸೇವಿಸುತ್ತಿದ್ದಿರಬಹುದು ಎಂಬ ಸಂಶಯಕ್ಕೆ ಇಂಥ ಅಧ್ಯಯನಗಳಲ್ಲಿ ಸದಾ ಎಡೆಯಿರುತ್ತದೆ.

ಇದಕ್ಕೆ ಪ್ರತಿಯಾಗಿ 2019ರಲ್ಲಿ ಇನ್ನೊಂದು ದೊಡ್ಡ ಪ್ರಯೋಗದ ಫಲಿತಾಂಶ ಹೊರಬಂತು. 17,598 ಹೃದ್ರೋಗಿಗಳನ್ನು ಎರಡು ಗುಂಪಾಗಿ ವಿಂಗಡಿಸಿ ಒಂದು ಗುಂಪಿಗೆ ಪ್ಯಾಂಟೊಪ್ರಜೋಲ್, ಇನ್ನೊಂದಕ್ಕೆ ಔಷಧವಿಲ್ಲದ ಮಾತ್ರೆ ಕೊಡಲಾಗಿತ್ತು. ಸುಮಾರು ಮೂರು ವರ್ಷಗಳ ನಂತರ ಕರುಳಿನ ಸೋಂಕು ಮಾತ್ರ ಪ್ಯಾಂಟೊಪ್ರಜೋಲ್ ಪಡೆದವರಲ್ಲಿ ತುಸು ಹೆಚ್ಚಿತ್ತು. ಕ್ಯಾನ್ಸರ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. ಕ್ಯಾನ್ಸರ್ ಬೆಳೆಯಲು ಮೂರು ವರ್ಷ ಸಾಲದು ಎಂಬುದೂ ನಿಜ. ಒಟ್ಟಿನಲ್ಲಿ, ಅಗತ್ಯವಿರುವವರು ಹೆದರಿ ಮಾತ್ರೆ ಬಿಡುವಷ್ಟು ಪುರಾವೆ ಇಲ್ಲ. ಅಗತ್ಯವಿಲ್ಲದವರು ವರ್ಷಗಟ್ಟಲೆ ನುಂಗುವುದಕ್ಕೆ ಸಮರ್ಥನೆಯೂ ಇಲ್ಲ.

ಬ್ರೇಕೇ ಔಷಧವಾದ ಕಥೆ

ಹಾರ್ಮೋನುಗಳ ಈ ಜ್ಞಾನ ರೋಗಿಗಳಿಗೆ ನೇರ ಫಲ ಕೊಟ್ಟದ್ದು ಸೊಮ್ಯಾಟೋಸ್ಟ್ಯಾಟಿನ್ ಮೂಲಕ. 1973ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ರೋಜರ್ ಗಿಲೆಮಿನ್ ಅವರ ತಂಡ ಕುರಿಯ ಮೆದುಳಿನಿಂದ ಇದನ್ನು ಬೇರ್ಪಡಿಸಿತು. ಇದು ಹಲವು ಹಾರ್ಮೋನುಗಳ ಸ್ರಾವವನ್ನು ತಡೆಯುತ್ತದೆ. ಆದರೆ ರಕ್ತದಲ್ಲಿ ಕೆಲವೇ ನಿಮಿಷಗಳಲ್ಲಿ ಕರಗಿಹೋಗುವುದರಿಂದ ಔಷಧವಾಗಿ ಬಳಸುವಂತಿರಲಿಲ್ಲ. ಇದನ್ನೇ ಹೋಲುವ, ದೀರ್ಘಕಾಲ ಬಾಳುವ ಆಕ್ಟ್ರಿಯೊಟೈಡ್ 1980ರ ದಶಕದಲ್ಲಿ ಬಳಕೆಗೆ ಬಂತು. ಹಾರ್ಮೋನು ಸುರಿಸುವ ಗೆಡ್ಡೆಗಳಿಂದಾಗುವ ಮುಖ ಕೆಂಪೇರುವಿಕೆ, ನಿಲ್ಲದ ಭೇದಿ ಮುಂತಾದ ಯಾತನೆಗಳನ್ನು ಅದು ತಹಬಂದಿಗೆ ತಂದಿತು. 2009ರಲ್ಲಿ ಜರ್ಮನಿಯ ಅಧ್ಯಯನವೊಂದು, ಸಣ್ಣ ಕರುಳಿನ ಇಂಥ ಗೆಡ್ಡೆಗಳು ಮತ್ತೆ ಬೆಳೆಯಲು ಆರಂಭಿಸುವವರೆಗಿನ ಅವಧಿಯನ್ನು ಅದು 6 ತಿಂಗಳಿಂದ 14.3 ತಿಂಗಳಿಗೆ ಏರಿಸಿದ್ದನ್ನು ತೋರಿಸಿತು.

ಮುಂದಿನ ಹೆಜ್ಜೆ ಇನ್ನೂ ಕುತೂಹಲಕರ. ಈ ಗೆಡ್ಡೆಗಳ ಮೈಮೇಲೆ ಸೊಮ್ಯಾಟೋಸ್ಟ್ಯಾಟಿನ್ ಗ್ರಾಹಕಗಳು ದಟ್ಟವಾಗಿರುತ್ತವೆ. ಆ ಹಾರ್ಮೋನಿನ ಪ್ರತಿರೂಪಕ್ಕೆ ಲ್ಯುಟೇಷಿಯಂ-177 ಎಂಬ ವಿಕಿರಣಶೀಲ ಧಾತುವನ್ನು ಜೋಡಿಸಿ ರಕ್ತಕ್ಕೆ ಚುಚ್ಚಿದರೆ, ಅದು ಗೆಡ್ಡೆಯನ್ನು ತಾನೇ ಹುಡುಕಿಕೊಂಡು ಹೋಗಿ ಒಳಗಿನಿಂದ ಸುಡುತ್ತದೆ. 2017ರಲ್ಲಿ ಪ್ರಕಟವಾದ, 229 ರೋಗಿಗಳ ಅಧ್ಯಯನದಲ್ಲಿ 20 ತಿಂಗಳ ನಂತರವೂ ರೋಗ ಉಲ್ಬಣಿಸದೆ ಉಳಿದವರ ಪ್ರಮಾಣ ಈ ಚಿಕಿತ್ಸೆಯಲ್ಲಿ ಶೇ 65.2, ಹೆಚ್ಚಿನ ಪ್ರಮಾಣದ ಆಕ್ಟ್ರಿಯೊಟೈಡ್ ಮಾತ್ರ ಪಡೆದವರಲ್ಲಿ ಶೇ 10.8. ಈ ಧಾತುವನ್ನು ಭಾರತದಲ್ಲೇ, ಮುಂಬೈಯ ಟ್ರಾಂಬೆಯಲ್ಲಿರುವ ಧ್ರುವ ಪರಮಾಣು ರಿಯಾಕ್ಟರ್‌ನಲ್ಲಿ ತಯಾರಿಸಲಾಗುತ್ತದೆ.

ಈ ವರ್ಗದ ಗೆಡ್ಡೆಯ ಹೆಸರು ನಮ್ಮ ಜನರ ಕಿವಿಗೆ ಬಿದ್ದದ್ದು ನಟ ಇರ್ಫಾನ್ ಖಾನ್ 2018ರಲ್ಲಿ ತಮ್ಮ ಕಾಯಿಲೆಯನ್ನು ಬಹಿರಂಗಪಡಿಸಿದಾಗ. ಅವರು 2020ರ ಏಪ್ರಿಲ್ 29ರಂದು ನಿಧನರಾದರು. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರನ್ನು ಕಾಡಿದ್ದೂ ಮೇದೋಜೀರಕದ ಇದೇ ವರ್ಗದ ಗೆಡ್ಡೆ. 2003ರಲ್ಲಿ ಪತ್ತೆಯಾದ ಮೇಲೂ ಅವರು ಎಂಟು ವರ್ಷ ಬದುಕಿದ್ದರು. ಮೇದೋಜೀರಕದ ಸಾಮಾನ್ಯ ಕ್ಯಾನ್ಸರ್‌ನಲ್ಲಿ ಇಷ್ಟು ಕಾಲ ಬದುಕುವುದು ವಿರಳ. ಒಂದೇ ಅಂಗದ ಎರಡು ಗೆಡ್ಡೆಗಳ ನಡುವೆ ಇಷ್ಟೊಂದು ಅಂತರವಿರುವುದರಿಂದಲೇ ಬಯಾಪ್ಸಿ ವರದಿಯ ಪ್ರತಿ ಪದವೂ ಮುಖ್ಯ.

ಸೋಲುಗಳೂ ಉಂಟು

ಎಲ್ಲ ಪ್ರಯತ್ನಗಳೂ ಫಲಿಸಿಲ್ಲ. ಗ್ಯಾಸ್ಟ್ರಿನ್ ವಿರುದ್ಧ ದೇಹವೇ ಪ್ರತಿಕಾಯ ಉತ್ಪಾದಿಸುವಂತೆ ಮಾಡುವ ಲಸಿಕೆಯೊಂದನ್ನು ಮೇದೋಜೀರಕದ ಕ್ಯಾನ್ಸರ್ ರೋಗಿಗಳಿಗೆ ಕಿಮೊಥೆರಪಿಯೊಡನೆ ಕೊಟ್ಟು ನೋಡಲಾಯಿತು. ಆದರೆ 2005ರಲ್ಲಿ ಹೊರಬಿದ್ದ ಅಂತಿಮ ಹಂತದ ಫಲಿತಾಂಶದಲ್ಲಿ ಆಯುಸ್ಸು ಹೆಚ್ಚಲಿಲ್ಲ. ಬೆಳೆದುನಿಂತ ಕ್ಯಾನ್ಸರ್ ಒಂದೇ ಹಾರ್ಮೋನಿನ ಹಂಗಿನಲ್ಲಿ ಇರುವುದಿಲ್ಲ ಎಂಬುದು ಇದರಿಂದ ಕಲಿತ ಪಾಠ.

ಇನ್ನೊಂದು ಎಚ್ಚರಿಕೆ ಜಿಎಲ್‌ಪಿ-2 ಎಂಬ ಕರುಳಿನ ಹಾರ್ಮೋನಿನದು. ಕರುಳಿನ ಬಹುಭಾಗವನ್ನು ಕಳೆದುಕೊಂಡ ರೋಗಿಗಳಲ್ಲಿ ಉಳಿದ ಕರುಳು ಚೆನ್ನಾಗಿ ಬೆಳೆಯಲೆಂದು ಇದರ ಪ್ರತಿರೂಪವಾದ ಟೆಡುಗ್ಲುಟೈಡ್ ಔಷಧಕ್ಕೆ 2012ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಬೆಳವಣಿಗೆಯನ್ನು ಪ್ರಚೋದಿಸುವ ಗುಣ ಇರುವುದರಿಂದಲೇ, ಅದನ್ನು ಆರಂಭಿಸುವ ಮುನ್ನ ದೊಡ್ಡ ಕರುಳನ್ನು ಕೊಲೊನೋಸ್ಕೋಪಿಯಿಂದ ಪರೀಕ್ಷಿಸಬೇಕೆಂಬ ಸೂಚನೆಯಿದೆ. ಬೊಜ್ಜು ಮತ್ತು ಮಧುಮೇಹಕ್ಕೆ ಬಳಸುವ ಚುಚ್ಚುಮದ್ದುಗಳು ಇದರ ಸೋದರ ಹಾರ್ಮೋನಾದ ಜಿಎಲ್‌ಪಿ-1ರ ಪ್ರತಿರೂಪಗಳು. ಅವುಗಳಿಂದ ಮೇದೋಜೀರಕದ ಕ್ಯಾನ್ಸರ್ ಬರಬಹುದೆಂಬ ಸಂದೇಹವನ್ನು ಪರಿಶೀಲಿಸಿದ ಅಮೆರಿಕ ಮತ್ತು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಗಳು, ಲಭ್ಯ ಮಾಹಿತಿ ಅದನ್ನು ಸಮರ್ಥಿಸುವುದಿಲ್ಲವೆಂದು 2014ರಲ್ಲಿ ತಿಳಿಸಿದವು. ಆದರೂ ಕುಟುಂಬದಲ್ಲಿ ಮೆಡುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇರುವವರು ಇವನ್ನು ಬಳಸಬಾರದೆಂಬ ಎಚ್ಚರಿಕೆ ಔಷಧದ ಚೀಟಿಯಲ್ಲೇ ಇರುತ್ತದೆ.

ಓದುಗರು ಮಾಡಬೇಕಾದದ್ದೇನು?

ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗಳು ಕಾನೂನಿನ ಪ್ರಕಾರ ವೈದ್ಯರ ಚೀಟಿಯ ಮೇಲೆ ಮಾರಬೇಕಾದವು. ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತವೆಂಬ ಕಾರಣಕ್ಕೆ ಅವು ನಿರುಪದ್ರವಿ ಎಂದು ಭಾವಿಸಬಾರದು. ಹಾಗೆಂದು ಈ ಲೇಖನ ಓದಿ ನಾಳೆಯೇ ಮಾತ್ರೆ ಬಿಡುವುದೂ ಸಲ್ಲದು. ಆಸ್ಪಿರಿನ್ ಅಥವಾ ನೋವಿನ ಮಾತ್ರೆಗಳನ್ನು ನಿತ್ಯ ಸೇವಿಸುವ ವೃದ್ಧರಿಗೆ, ಹುಣ್ಣಿನಿಂದ ರಕ್ತಸ್ರಾವವಾಗಿದ್ದವರಿಗೆ, ಅನ್ನನಾಳಕ್ಕೆ ಹಾನಿಯಾದವರಿಗೆ ಇದು ರಕ್ಷಾಕವಚ. ಅಲ್ಲದೆ ದೀರ್ಘಕಾಲ ಸೇವಿಸಿ ಥಟ್ಟನೆ ನಿಲ್ಲಿಸಿದರೆ, ಏರಿಕುಳಿತ ಗ್ಯಾಸ್ಟ್ರಿನ್ ಆಮ್ಲವನ್ನು ಮೊದಲಿಗಿಂತ ಜೋರಾಗಿ ಸುರಿಸುತ್ತದೆ. 2009ರ ಡೆನ್ಮಾರ್ಕ್ ಅಧ್ಯಯನವೊಂದರಲ್ಲಿ, ಯಾವ ತೊಂದರೆಯೂ ಇಲ್ಲದ ಆರೋಗ್ಯವಂತರಿಗೆ ಎಂಟು ವಾರ ಇಂಥ ಮಾತ್ರೆ ಕೊಟ್ಟು ನಿಲ್ಲಿಸಿದಾಗ ಅವರಲ್ಲಿ ಶೇ 44 ಮಂದಿಗೆ ಎದೆಯುರಿ ಮುಂತಾದ ತೊಂದರೆ ಕಾಣಿಸಿತು. ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಅದು ಶೇ 15 ಮಾತ್ರ. ‘ಮಾತ್ರೆ ಬಿಟ್ಟರೆ ಆಗುವುದೇ ಇಲ್ಲ’ ಎಂದು ಹಲವರು ಹೇಳುವುದರ ಹಿಂದೆ ಇದೂ ಒಂದು ಕಾರಣವಿರಬಹುದು. ಆದ್ದರಿಂದ ನಿಲ್ಲಿಸುವುದಿದ್ದರೆ ವೈದ್ಯರ ಸಲಹೆಯಂತೆ ಹಂತಹಂತವಾಗಿ ತಗ್ಗಿಸುವುದು ಲೇಸು.

ಇದಕ್ಕಿಂತ ದೊಡ್ಡ ಅಪಾಯ ಮತ್ತೊಂದಿದೆ. ಈ ಮಾತ್ರೆಗಳು ಜಠರದ ಕ್ಯಾನ್ಸರ್‌ನ ಆರಂಭಿಕ ಲಕ್ಷಣಗಳನ್ನು ಮರೆಮಾಚಬಲ್ಲವು. ನೋವು, ಉರಿ ತಾತ್ಕಾಲಿಕವಾಗಿ ಶಮನವಾಗಿ ರೋಗಿ ನೆಮ್ಮದಿಯಿಂದಿರುವಾಗಲೇ ಗೆಡ್ಡೆ ಬೆಳೆದಿರುತ್ತದೆ. 2022ರ ಜಾಗತಿಕ ಅಂದಾಜಿನಂತೆ ಆ ವರ್ಷ ಸುಮಾರು 9.7 ಲಕ್ಷ ಮಂದಿಗೆ ಜಠರದ ಕ್ಯಾನ್ಸರ್ ಪತ್ತೆಯಾಗಿ, 6.6 ಲಕ್ಷ ಮಂದಿ ಅದರಿಂದ ಸಾವಿಗೀಡಾದರು. ಈ ಸಾವುಗಳ ಹಿಂದಿನ ಮುಖ್ಯ ಕಾರಣ ತಡವಾದ ಪತ್ತೆ.

ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ಪದೇಪದೇ ವಾಂತಿ, ರಕ್ತವಾಂತಿ, ಡಾಂಬರಿನಂತೆ ಕಪ್ಪಾದ ಮಲ, ಕಾರಣ ತಿಳಿಯದ ರಕ್ತಹೀನತೆ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು ಇವುಗಳಲ್ಲಿ ಯಾವುದೇ ಇದ್ದರೂ ಎಂಡೋಸ್ಕೋಪಿ ಮುಂದೂಡಬಾರದು. ಐವತ್ತರ ಆಸುಪಾಸಿನಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ಅಜೀರ್ಣವನ್ನೂ ಹಗುರವಾಗಿ ಕಾಣಬಾರದು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಜಠರದ ಕ್ಯಾನ್ಸರ್ ಇದ್ದವರು ಪೈಲೋರಿ ಬ್ಯಾಕ್ಟೀರಿಯ ಪರೀಕ್ಷೆಯ ಬಗ್ಗೆ ವೈದ್ಯರೊಡನೆ ಮಾತನಾಡುವುದು ಒಳ್ಳೆಯದು. ಉಸಿರು ಅಥವಾ ಮಲದ ಮಾದರಿಯಿಂದಲೇ ಇದನ್ನು ಪತ್ತೆಮಾಡಬಹುದು. ಆದರೆ ಪರೀಕ್ಷೆಗೆ ಎರಡು ವಾರ ಮೊದಲೇ ಆಮ್ಲನಿರೋಧಕ ಮಾತ್ರೆ ನಿಲ್ಲಿಸಿರಬೇಕು. ಇಲ್ಲವಾದರೆ ಸೋಂಕಿದ್ದರೂ ಇಲ್ಲವೆಂಬ ವರದಿ ಬರಬಹುದು. ರಕ್ತದ ಗ್ಯಾಸ್ಟ್ರಿನ್ ಪರೀಕ್ಷೆಗೂ ಈ ಮಾತ್ರೆ ಅಡ್ಡಿಯೇ. ಹೀಗಾಗಿ ಯಾವ ಮಾತ್ರೆಯನ್ನು ಎಷ್ಟು ಕಾಲದಿಂದ ಸೇವಿಸುತ್ತಿದ್ದೇವೆಂದು ವೈದ್ಯರಿಗೆ ಮರೆಯದೆ ತಿಳಿಸಬೇಕು.

ಜೀರ್ಣಾಂಗವೆಂದರೆ ಆಹಾರ ಸಾಗುವ ಬರಿಯ ಕೊಳವೆಯಲ್ಲ. ತನ್ನದೇ ದೂತರು, ತನ್ನದೇ ಕಟ್ಟಳೆಗಳುಳ್ಳ ವ್ಯವಸ್ಥೆಯದು. ಅಲ್ಲಿ ಒಂದನ್ನು ತಡೆದರೆ ಇನ್ನೊಂದು ಏರುತ್ತದೆ. ಮುಂದಿನ ಬಾರಿ ಔಷಧದಂಗಡಿಯಲ್ಲಿ ‘ಗ್ಯಾಸ್ಟ್ರಿಕ್ ಮಾತ್ರೆ ಕೊಡಿ’ ಎನ್ನುವ ಮೊದಲು, ಆ ಮಾತ್ರೆ ಯಾವ ಕಾಯಿಲೆಗೆ, ಎಷ್ಟು ದಿನಕ್ಕೆ ಎಂಬ ಎರಡು ಪ್ರಶ್ನೆಗಳನ್ನು ವೈದ್ಯರಲ್ಲಿ ಕೇಳಿ ತಿಳಿದುಕೊಂಡರೆ ಒಳಿತು.